ಚಿತ್ರದುರ್ಗದ ಕೋಟೆ ಹತ್ತುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ದುರ್ಗದಲ್ಲಿ ಮನೆಯಿದ್ದವರಿಗೆ ಒಂದು ಕಾಯಂ ಕೆಲಸ ಅಂಟಿಕೊಂಡಿರುತ್ತದೆ: ಬಂದ ನೆಂಟರನ್ನು ಕೋಟೆಗೆ ಕರೆದೊಯ್ಯುವುದು. ಮದುವೆಗೆ ಬಂದವರು, ಹಂಪಿಯ ದಾರಿಯಲ್ಲಿ ಇಳಿದವರು, ರಜೆಗೆಂದು ಹೊರದೇಶದಿಂದ ಬಂದ ಅಣ್ಣನ ಮಕ್ಕಳು, ಎಲ್ಲರ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ. ಪ್ರತಿ ಸಲ ಏದುಸಿರು ಬಿಡುತ್ತಾ ಹೇಳುವ ಬದಲು ಇಲ್ಲಿ ಕುಳಿತು ಬರೆದಿದ್ದೇನೆ. ಒಂದು ಪಕ್ಷಪಾತವನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಎಲ್ಲರೂ ಇಲ್ಲಿ ಗೋಡೆ ನೋಡಲು ಬರುತ್ತಾರೆ. ನಾನು ನೀರು ನೋಡಿ ಎನ್ನುವ ಗುಂಪಿನವನು.

ಕೋಟೆ ನೋಡಲು ಎಷ್ಟು ಹೊತ್ತು ಬೇಕು?

ಕನಿಷ್ಠ ನಾಲ್ಕು ಗಂಟೆ. ಹೆದ್ದಾರಿಯಲ್ಲಿ ಹೋಗುತ್ತಾ "ಒಂದು ಗಂಟೆಯಲ್ಲಿ ಮುಗಿಸಿಬಿಡೋಣ" ಎಂದು ಬರುವವರು ಮೂರು ಬಾಗಿಲು ದಾಟಿ, ಓಬವ್ವನ ಕಿಂಡಿಯ ಮುಂದೆ ಫೋಟೊ ತೆಗೆಸಿಕೊಂಡು, ಬೆವರು ಒರೆಸಿಕೊಂಡು ಇಳಿದುಬಿಡುತ್ತಾರೆ. ಅವರು ಕೋಟೆಯ ಹೊಸ್ತಿಲು ನೋಡಿದರು, ಮನೆ ನೋಡಲಿಲ್ಲ. ಮೇಲಿನ ಗುಡಿಗಳು, ಹೊಂಡಗಳು, ಮಣ್ಣಿನ ಗೋಡೆಗಳು ಇರುವುದೆಲ್ಲ ಆ ಬಾಗಿಲುಗಳ ಆಚೆ.

ತಲುಪುವುದು ಹೇಗೆ?

ಬೆಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 200 ಕಿ.ಮೀ. ತುಮಕೂರು, ಸಿರಾ, ಹಿರಿಯೂರು ದಾಟಿದರೆ ದುರ್ಗ. ದಾವಣಗೆರೆಯಿಂದ 60 ಕಿ.ಮೀ. ಸುತ್ತಮುತ್ತ. ಬಸ್ಸಿಗೆ ಕೊರತೆಯಿಲ್ಲ, ಬೆಂಗಳೂರು, ಹುಬ್ಬಳ್ಳಿ ನಡುವೆ ಓಡಾಡುವ ಬಸ್ಸುಗಳಲ್ಲಿ ಬಹಳಷ್ಟು ಇಲ್ಲಿ ನಿಲ್ಲುತ್ತವೆ. ಹತ್ತುವ ಮೊದಲು ಊರೊಳಗೆ ಹೋಗುತ್ತದೆಯೇ, ಬೈಪಾಸಿನಲ್ಲೇ ಇಳಿಸುತ್ತದೆಯೇ ಎಂದು ಕೇಳಿಕೊಳ್ಳಿ. ರೈಲಿನವರಿಗೆ ಸ್ವಲ್ಪ ತಾಪತ್ರಯ. ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗದ ರೈಲುಗಳು ಚಿಕ್ಕಜಾಜೂರಿನ ಮೇಲೆ ಹೋಗುತ್ತವೆ. ಅಲ್ಲಿ ಇಳಿದು ಬಸ್ಸನ್ನೋ ಬಳ್ಳಾರಿ ಕಡೆಯ ರೈಲನ್ನೋ ಹಿಡಿಯಬೇಕು. ಬಸ್ ನಿಲ್ದಾಣದಿಂದ ಕೋಟೆಯ ಬಾಗಿಲವರೆಗೆ ಆಟೊ ಸಿಗುತ್ತದೆ.

ಯಾವ ತಿಂಗಳು ಒಳ್ಳೆಯದು?

ಅಕ್ಟೋಬರ್‌ನಿಂದ ಫೆಬ್ರವರಿ. ಮಳೆಗಾಲ ಮುಗಿದ ಹೊಸತರಲ್ಲಿ ಬಂದರೆ ಹೊಂಡಗಳು ತುಂಬಿರುತ್ತವೆ, ಬಂಡೆಗಳ ಸಂದಿಯಲ್ಲಿ ಹುಲ್ಲು ಹಸಿರಾಗಿರುತ್ತದೆ, ಊರಿನ ಬೀದಿಗಳಲ್ಲಿ ಬೆಟ್ಟದ ಸೀತಾಫಲದ ಬುಟ್ಟಿಗಳೂ ಕಾಣುತ್ತವೆ. ಏಪ್ರಿಲ್‌ನಲ್ಲಿ ಬರಲೇಬೇಕಾದರೆ ಬೆಳಗ್ಗೆ ಬೇಗ ಹತ್ತಿ, ಹತ್ತು ಗಂಟೆಯೊಳಗೆ ಇಳಿದುಬಿಡಿ. ಬೇಸಿಗೆಯಲ್ಲಿ ಈ ಬಂಡೆಗಳು ಹಂಚಿನಂತೆ ಕಾಯುತ್ತವೆ. ಗುಡಿಯ ಮುಂದೆ ಚಪ್ಪಲಿ ಬಿಟ್ಟವರು ಕುಣಿಯುತ್ತಾ ಒಳಗೆ ಓಡುವುದನ್ನು ಪ್ರತಿ ವರ್ಷ ನೋಡುತ್ತೇನೆ.

ಟಿಕೆಟ್ ಇದೆಯೇ?

ಇದೆ. ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸಂರಕ್ಷಿತ ಸ್ಮಾರಕ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ವಿದೇಶಿಯರಿಗೆ ದರ ಹಲವು ಪಟ್ಟು ಹೆಚ್ಚು. ಆದರೆ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇರುವವರಿಗೆ ಭಾರತೀಯರ ದರವೇ ಅನ್ವಯಿಸುತ್ತದೆ, ಕಾರ್ಡನ್ನು ಮನೆಯಲ್ಲಿ ಮರೆಯದಿದ್ದರೆ ಮಾತ್ರ. ಅಣ್ಣನ ಮನೆಯವರು ಎರಡು ಸಲ ಮರೆತಿದ್ದಾರೆ.

ಏಳು ಸುತ್ತಿನ ಕೋಟೆ ಎನ್ನುತ್ತಾರಲ್ಲ, ಆ ಏಳು ಸುತ್ತು ಎಲ್ಲಿ?

ಎಲ್ಲರೂ ಎಣಿಸಲು ಹೊರಟು ಮೂರಕ್ಕೋ ನಾಲ್ಕಕ್ಕೋ ನಿಲ್ಲಿಸುವ ಲೆಕ್ಕ ಇದು. ಕಾರಣ ಸರಳ: ಹೊರಗಿನ ಸುತ್ತುಗಳನ್ನು ನೀವು ಆಟೊದಲ್ಲಿ ಕುಳಿತೇ ದಾಟಿರುತ್ತೀರಿ. ಕೆಳಗಿನ ಕೋಟೆ ಇಂದಿನ ಊರಿನೊಳಗೆ ಕರಗಿಹೋಗಿದೆ. ರಂಗಯ್ಯನ ಬಾಗಿಲು, ಉಚ್ಚಂಗಿ ಬಾಗಿಲು, ಸಿಹಿನೀರು ಹೊಂಡದ ಬಾಗಿಲು, ಲಾಲಕೋಟೆ ಬಾಗಿಲು ಎಂಬ ಹೆಸರುಗಳು ಊರವರ ಬಾಯಲ್ಲಿ ಇನ್ನೂ ಇವೆ. ಎಲ್ಲೋ ಒಂದು ಮನೆಯ ಹಿತ್ತಿಲ ಗೋಡೆ ಅನುಮಾನ ಬರುವಷ್ಟು ದಪ್ಪವಾಗಿದ್ದರೆ, ಅದು ಮನೆಗಾಗಿ ಕಟ್ಟಿದ ಗೋಡೆಯಲ್ಲ ಎಂದು ತಿಳಿಯಿರಿ.

ಮೇಲಿನ ಸುತ್ತುಗಳಲ್ಲಿ ಎಣಿಕೆಗಿಂತ ತಿರುವುಗಳನ್ನು ಗಮನಿಸಿ. ಯಾವ ಬಾಗಿಲಿಗೂ ನೇರ ದಾರಿಯಿಲ್ಲ. ಎರಡು ಎತ್ತರದ ಗೋಡೆಗಳ ನಡುವೆ ನಡೆಸಿಕೊಂಡು ಹೋಗಿ, ಇನ್ನೇನು ಮುಗಿಯಿತು ಎನ್ನುವಾಗ ಥಟ್ಟನೆ ಪಕ್ಕಕ್ಕೆ ತಿರುಗಿಸುತ್ತದೆ. ಬಾಗಿಲು ಒಡೆಯಲು ಬರುವ ಆನೆಗೆ ಓಡಿ ಬರುವ ಜಾಗವೇ ಸಿಗಬಾರದು. ತಿರುಗಿ ನಿಂತ ಸೈನಿಕನ ಬೆನ್ನು ಮೇಲಿನ ಗೋಡೆಯವನಿಗೆ ಕಾಣಬೇಕು. ಮೊದಲ ಬಾಗಿಲ ಬಳಿ ಗೋಡೆಯಲ್ಲಿ ಸುತ್ತಿಕೊಂಡ ಹಾವಿನ ಉಬ್ಬುಶಿಲ್ಪವೊಂದಿದೆ. ಒಳಗಿನ ದಾರಿ ಹೇಗಿದೆ ಎಂದು ಅದು ಮೊದಲೇ ಹೇಳಿಬಿಡುತ್ತದೆ ಎಂಬುದು ನನ್ನ ಸ್ವಂತ ವ್ಯಾಖ್ಯಾನ. ಯಾವ ಗೈಡೂ ಒಪ್ಪಿಲ್ಲ.

ಬಂಡೆಗಳ ಅಂಚಿನಲ್ಲಿ ಸಾಲಾಗಿ ಹೊಡೆದ ಚೌಕದ ಕುಳಿಗಳು ಕಾಣುತ್ತವೆ. ಅವು ಬೆಣೆ ಬಡಿದು ಕಲ್ಲು ಸೀಳಿದ ಗುರುತು. ಗೋಡೆಯ ಕಲ್ಲನ್ನು ದೂರದಿಂದ ತಂದಿಲ್ಲ, ಕಾವಲಿಗೆ ನಿಂತ ಬೆಟ್ಟದಿಂದಲೇ ಸೀಳಿ ತೆಗೆದಿದ್ದಾರೆ. ಕೆಲವು ಕಡೆ ಗೋಡೆ ಎಲ್ಲಿ ಮುಗಿಯಿತು, ಬಂಡೆ ಎಲ್ಲಿ ಶುರುವಾಯಿತು ಎಂದು ಗೊತ್ತಾಗುವುದಿಲ್ಲ.

ಕಟ್ಟಿದವರು ಯಾರು? ಎಷ್ಟು ಹಳೆಯದು?

ಒಬ್ಬ ರಾಜನ ಹೆಸರು ಹೇಳಿ ಮುಗಿಸುವಂತಿಲ್ಲ. ಹೊಯ್ಸಳರ ಕಾಲದಲ್ಲಿ ಇದರ ಹೆಸರು ಬೆಮ್ಮತ್ತನಕಲ್ಲು. ಆಗಲೇ ಇದು ಗಣ್ಯ ಊರು. ವಿಜಯನಗರದ ಕಾಲದಲ್ಲಿ ಮತ್ತಿ ತಿಮ್ಮಣ್ಣ ನಾಯಕನ ಮೂಲಕ ಇಲ್ಲಿ ಬೇಡ ನಾಯಕರ ಮನೆತನ ಬೇರೂರಿತು. 1565ರಲ್ಲಿ ವಿಜಯನಗರ ಸೋತ ಮೇಲೆ ಈ ನಾಯಕರು ತಮ್ಮ ಬಲದ ಮೇಲೆ ತಾವೇ ನಿಂತರು. ಇಂದು ಕಾಣುವ ಕೋಟೆಯ ಬಹುಭಾಗ ಅವರ ಕಾಲದ್ದು, ಒಬ್ಬರಾದ ಮೇಲೆ ಒಬ್ಬರು ಸೇರಿಸುತ್ತಾ ಬಂದದ್ದು. ಬಿಚ್ಚುಗತ್ತಿ ಭರಮಣ್ಣ ನಾಯಕ, ಹಿರೇ ಮದಕರಿ ನಾಯಕ, ಕೊನೆಯ ಮದಕರಿ ನಾಯಕ, ಈ ಮೂರು ಹೆಸರು ನೆನಪಿಟ್ಟುಕೊಂಡರೆ ಗೈಡ್ ಹೇಳುವ ಕಥೆಗಳ ಜಾಡು ತಪ್ಪುವುದಿಲ್ಲ.

ಅರಮನೆ ಎಲ್ಲಿದೆ?

ಯುರೋಪಿನ ಕೋಟೆಗಳನ್ನು ನೋಡಿ ಬಂದ ಮಕ್ಕಳ ಮೊದಲ ಪ್ರಶ್ನೆಯೇ ಇದು. ಅಲ್ಲಿ ಕೋಟೆಯೆಂದರೆ ಗೋಪುರ, ಒಳಗೆ ಸಿಂಹಾಸನದ ಕೋಣೆ, ಮೇಲೊಂದು ಬಾವುಟ. ಇಲ್ಲಿ ಮೇಲೆ ಹೋದರೆ ಸಿಗುವುದು ಮಣ್ಣಿನ ಗೋಡೆಗಳು. ಬೇಸರಪಟ್ಟುಕೊಳ್ಳಬೇಡಿ, ಹತ್ತಿರ ಹೋಗಿ ನೋಡಿ. ಅರಮನೆಯ ಗುರುತುಗಳು, ಟಂಕಸಾಲೆ ಎಂದು ತೋರಿಸುವ ಕಟ್ಟಡ, ಕಣಜಗಳು, ಎಲ್ಲಕ್ಕೂ ಮಣ್ಣೇ ಮೈ. ಚಾವಣಿ ಹೋಗಿ ಎರಡು ಶತಮಾನ ಕಳೆದರೂ ಗೋಡೆಗಳು ಆಳೆತ್ತರಕ್ಕಿಂತ ಮೇಲೆ ನಿಂತಿವೆ. ಕಲ್ಲು ನಿಲ್ಲುವುದರಲ್ಲಿ ಆಶ್ಚರ್ಯವಿಲ್ಲ. ಮಳೆಗೆ ಒಡ್ಡಿಕೊಂಡ ಮಣ್ಣು ಇಷ್ಟು ಕಾಲ ನಿಂತಿತಲ್ಲ, ಅದನ್ನು ನೋಡಿ. ಅದರ ಮೇಲೆ ಹತ್ತಿ ನಿಲ್ಲಬೇಡಿ. ಹೆಸರು ಕೆತ್ತುವವರ ಬಗ್ಗೆ ನಾನು ಬರೆಯಬಹುದಾದ ಮಾತುಗಳು ಅಚ್ಚಿಗೆ ಯೋಗ್ಯವಲ್ಲ.

ಓಬವ್ವನ ಕಿಂಡಿ ನಿಜವಾಗಿಯೂ ಅಷ್ಟು ಚಿಕ್ಕದೇ?

ಹೌದು. ಸಿನಿಮಾದಲ್ಲಿ ನೋಡಿದವರು ದೊಡ್ಡ ಗುಹೆಯನ್ನು ನಿರೀಕ್ಷಿಸಿ ಬರುತ್ತಾರೆ. ಇರುವುದು ಬಂಡೆಗಳ ನಡುವಿನ ಒಂದು ಸಂದು, ಒಬ್ಬ ಮನುಷ್ಯ ಮೈ ಕುಗ್ಗಿಸಿಕೊಂಡು ನುಸುಳುವಷ್ಟು. ಆ ಚಿಕ್ಕತನದಲ್ಲೇ ಕಥೆಯ ಗುಟ್ಟಿದೆ. ಕಹಳೆ ಊದುವ ಕಾವಲುಗಾರ ಮುದ್ದಹನುಮಪ್ಪ ಊಟಕ್ಕೆ ಕುಳಿತಿದ್ದ. ಅವನಿಗೆ ಕುಡಿಯುವ ನೀರು ತರಲು ಹೆಂಡತಿ ಓಬವ್ವ ಹೊರಟಳು. ಹೈದರ್ ಅಲಿಯ ಸೈನಿಕರು ಕಿಂಡಿಯಿಂದ ಒಬ್ಬೊಬ್ಬರಾಗಿ ನುಸುಳುವುದು ಕಂಡಿತು. ಭತ್ತ ಕುಟ್ಟುವ ಒನಕೆ ಹಿಡಿದು ಬಂದು ನಿಂತಳು. ತಲೆ ಹೊರಗೆ ಬಂದಂತೆ ಒಂದೊಂದೇ ಪೆಟ್ಟು, ಹೆಣ ಪಕ್ಕಕ್ಕೆ. ಕಿಂಡಿ ದೊಡ್ಡದಿದ್ದರೆ ಒನಕೆ ಸಾಲುತ್ತಿರಲಿಲ್ಲ.

ಮನೆಮನೆಯ ಬಾಯಿಂದ ಬಂದ ಕಥೆ ಇದು, ಅವಳ ಸಾವಿನ ವಿವರ ಹೇಳುವವರಿಂದ ಹೇಳುವವರಿಗೆ ಬದಲಾಗುತ್ತದೆ. ರಾಜ್ಯ ಸರ್ಕಾರ 2021ರಿಂದ ನವೆಂಬರ್ 11ರಂದು ಓಬವ್ವ ಜಯಂತಿ ಆಚರಿಸುತ್ತಿದೆ. ಊರಿನ ಕ್ರೀಡಾಂಗಣಕ್ಕೂ ಅವಳದೇ ಹೆಸರು. ಜನ ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ವಿವರವನ್ನು ಹಿಡಿದುಕೊಳ್ಳಿ: ಅವಳು ಹೊರಟಿದ್ದು ನೀರಿಗೆ. ಕಿಂಡಿಯ ಹತ್ತಿರವೇ ತಣ್ಣೀರು ದೋಣಿ ಇದೆ, ಬಂಡೆಯ ಬುಡದಲ್ಲಿ ತಂಪಾಗಿ ನಿಲ್ಲುವ ಒಸರು. ಕಿಂಡಿ ನೋಡಿದ ಹತ್ತು ಜನರಲ್ಲಿ ಎಂಟು ಜನ ದೋಣಿ ನೋಡದೆ ಹಿಂದಿರುಗುತ್ತಾರೆ.

ಇಷ್ಟು ಒಣ ಊರಿನ ಬೆಟ್ಟದ ಮೇಲೆ ನೀರು ಎಲ್ಲಿಂದ?

ಈ ಪ್ರಶ್ನೆ ಕೇಳಿದವರಿಗೆ ನಾನು ಕಾಫಿ ಕೊಡಿಸುತ್ತೇನೆ.

ದುರ್ಗ ಬರದ ಸೀಮೆ. ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ., ಅದೂ ಮನಸ್ಸು ಬಂದಾಗ. ಬೆಟ್ಟದಲ್ಲಿ ನದಿಯಿಲ್ಲ. ಕೋಟೆಗೆ ಮುತ್ತಿಗೆ ಬಿದ್ದರೆ ತಿಂಗಳುಗಟ್ಟಲೆ ಸೈನ್ಯ, ಕುದುರೆ, ದನ, ಗುಡಿ, ಮಠ ಎಲ್ಲಕ್ಕೂ ಒಳಗಿನ ನೀರೇ ಗತಿ. ಇದಕ್ಕೆ ದುರ್ಗದವರು ಕಂಡುಕೊಂಡ ಉಪಾಯ ಬಂಡೆಯನ್ನೇ ಚಾವಣಿ ಮಾಡಿಕೊಂಡದ್ದು. ಬರಿ ಬಂಡೆ ಹನಿ ನೀರನ್ನೂ ಕುಡಿಯುವುದಿಲ್ಲ, ಬಿದ್ದದ್ದನ್ನೆಲ್ಲ ಕೆಳಗೆ ಉರುಳಿಸುತ್ತದೆ. ಆ ಇಳಿಜಾರುಗಳ ಬುಡದಲ್ಲಿ, ಬೆಟ್ಟಗಳ ಮಡಿಲಲ್ಲಿ, ಕಟ್ಟೆ ಹಾಕಿ ಹೊಂಡ ಮಾಡಿದರು.

ಮೇಲೆ ಮೊದಲು ಕಾಣುವ ದೊಡ್ಡದು ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಕೋಡಿ ಬಿದ್ದರೆ ನೀರು ಅಕ್ಕತಂಗಿ ಹೊಂಡಕ್ಕೆ ಹರಿಯುತ್ತದೆ. ಅಲ್ಲಿಂದ ಮಿಕ್ಕದ್ದು ಇಳಿಯುತ್ತಾ ಊರಿನೊಳಗಿನ ಸಿಹಿನೀರು ಹೊಂಡವನ್ನು ಸೇರುತ್ತದೆ. ರಾಜನ ಗುಡಿಯ ಮುಂದೆ ಬಿದ್ದ ಮಳೆಯೇ ಕೆಳಗೆ ಪೇಟೆಯ ಹೆಂಗಸಿನ ಕೊಡ ತುಂಬುತ್ತಿತ್ತು. ಹೊಂಡದ ಮೆಟ್ಟಿಲ ಮೇಲೆ ಕುಳಿತು ಸುತ್ತಲಿನ ಬಂಡೆಗಳ ಇಳಿಜಾರನ್ನು ಕಣ್ಣಿನಲ್ಲೇ ಅಳೆಯಿರಿ; ಯಾವ ನೀರು ಎಲ್ಲಿಗೆ ಬರಬೇಕೆಂದು ಯೋಚಿಸಿದವನ ತಲೆ ಎಂಥದ್ದಿರಬಹುದು! ಬಾಗಿಲು ಕಟ್ಟಿಸಿದವರ ಹೆಸರು ಬಾಯಲ್ಲಿ ಉಳಿದಿದೆ, ಈ ಇಳಿಜಾರು ಓದಿದವರ ಹೆಸರು ಉಳಿದಿಲ್ಲ.

ಅಕ್ಕತಂಗಿ ಹೊಂಡಕ್ಕೆ ಒಂದು ದುಃಖದ ಕಥೆಯೂ ಅಂಟಿದೆ. ಕೋಟೆ ಬಿದ್ದಾಗ ನಾಯಕನ ರಾಣಿಯರಾಗಿದ್ದ ಅಕ್ಕತಂಗಿಯರು ಇದರಲ್ಲಿ ಹಾರಿ ಪ್ರಾಣ ಬಿಟ್ಟರೆಂದು ಜನ ಹೇಳುತ್ತಾರೆ. ಈಜಲು ಇಳಿಯಬೇಡಿ. ಅಂಚು ಜಾರುತ್ತದೆ, ಆಳ ಮೋಸ ಮಾಡುತ್ತದೆ.

ಗುಡಿಗಳಲ್ಲಿ ಯಾವುದನ್ನು ತಪ್ಪಿಸಬಾರದು?

ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಏಕನಾಥೇಶ್ವರಿ. ಭೀಮನು ಹಿಡಿಂಬಾಸುರನನ್ನು ಕೊಂದದ್ದು ಇಲ್ಲೇ ಎಂಬುದು ದುರ್ಗದ ಸ್ಥಳಪುರಾಣ. ಅದಕ್ಕೆ ಸಾಕ್ಷಿಯಾಗಿ ಹಿಡಿಂಬೇಶ್ವರ ಗುಡಿಯಲ್ಲಿ ರಾಕ್ಷಸನ ಹಲ್ಲು ಎಂದು ಒಂದು ದೊಡ್ಡ ಮೂಳೆಯನ್ನೂ ಕಬ್ಬಿಣದ ತಗಡಿನ ಭಾರಿ ಭೇರಿಯನ್ನೂ ತೋರಿಸುತ್ತಾ ಬಂದಿದ್ದಾರೆ. ಮಕ್ಕಳು ಕೋಟೆಯಲ್ಲಿ ನೆನಪಿಟ್ಟುಕೊಳ್ಳುವುದು ಬಹುಪಾಲು ಈ ಹಲ್ಲನ್ನೇ. ಸಂಪಿಗೆ ಸಿದ್ಧೇಶ್ವರನ ಸನ್ನಿಧಿಯಲ್ಲಿ ನಾಯಕರಿಗೆ ಪಟ್ಟ ಕಟ್ಟುತ್ತಿದ್ದರೆಂದು ಹೇಳುತ್ತಾರೆ. ಬಯಲಿನಲ್ಲಿ ನಿಂತ ಎತ್ತರದ ದೀಪಸ್ತಂಭ ಮತ್ತು ಉಯ್ಯಾಲೆ ಕಂಬಗಳು ಕೋಟೆಯ ಅತಿ ಚೆಂದದ ನೋಟ, ಅದರಲ್ಲೂ ಬಿಸಿಲು ಓರೆಯಾದಾಗ. ನಾಯಕರ ಗುರುಪೀಠವಾಗಿದ್ದ ಮುರುಘಾ ಮಠದ ಹಳೆಯ ಕಟ್ಟಡವೂ ಮೇಲೆಯೇ ಇದೆ. ಗುಡಿಗಳ ಬಾಗಿಲು ಯಾವಾಗಲೂ ತೆರೆದಿರುವುದಿಲ್ಲ. ಬೆಳಗಿನ ಪೂಜೆಯ ಹೊತ್ತೇ ಸರಿ.

ದಾರಿಯಲ್ಲಿ ದೊಡ್ಡ ಗುಂಡಿಯೊಳಗೆ ನಾಲ್ಕು ಬೀಸುವ ಕಲ್ಲು ಇವೆಯಲ್ಲ, ಅಷ್ಟು ದೊಡ್ಡ ಕಲ್ಲಿನಲ್ಲಿ ಏನು ಬೀಸುತ್ತಿದ್ದರು?

ಮದ್ದು, ಅಂದರೆ ಸಿಡಿಮದ್ದು. ಪಕ್ಕದಲ್ಲಿದ್ದ ಹೆಂಗಸೊಬ್ಬರು ಒಮ್ಮೆ "ರಾಗಿ ಬೀಸಲು" ಎಂದು ಮೊಮ್ಮಗನಿಗೆ ವಿವರಿಸುತ್ತಿದ್ದರು. ನಾನು ತಿದ್ದಲಿಲ್ಲ, ಅಷ್ಟು ಚೆನ್ನಾಗಿ ಹೇಳುತ್ತಿದ್ದರು. ಎಣ್ಣೆ ಶೇಖರಿಸುತ್ತಿದ್ದ ಕೊಳಗಳನ್ನೂ ಗೈಡ್ ತೋರಿಸುತ್ತಾರೆ.

ವಯಸ್ಸಾದವರು ಹತ್ತಬಹುದೇ? ಮಕ್ಕಳು?

ಮಂಡಿ ನೋವಿದ್ದವರು ಮೊದಲ ಎರಡು ಮೂರು ಬಾಗಿಲವರೆಗೆ ನಿಧಾನವಾಗಿ ಬರಬಹುದು. ಅದಕ್ಕಿಂತ ಮೇಲೆ ಏರು, ಎತ್ತರ ತಗ್ಗಿನ ಮೆಟ್ಟಿಲು, ನುಣುಪು ಬಂಡೆ. ಗಾಲಿಕುರ್ಚಿ ಮೇಲಕ್ಕೆ ಹೋಗುವುದಿಲ್ಲ. ಅಮ್ಮನನ್ನು ಒತ್ತಾಯದಿಂದ ಮೇಲೆ ಕರೆದೊಯ್ದು ಇಳಿಸಲು ಒದ್ದಾಡಿದವರನ್ನು ಕಂಡಿದ್ದೇನೆ. ಅದರ ಬದಲು ರಂಗಯ್ಯನ ಬಾಗಿಲ ಬಳಿಯ ಸರ್ಕಾರಿ ವಸ್ತುಸಂಗ್ರಹಾಲಯ ತೋರಿಸಿ, ಸಿಹಿನೀರು ಹೊಂಡದ ಕಟ್ಟೆಯ ಮೇಲೆ ಕೂರಿಸಿ. ಮಕ್ಕಳ ಚಿಂತೆ ಬೇಡ, ಅವರು ನಿಮಗಿಂತ ಮೊದಲು ಮೇಲಿರುತ್ತಾರೆ. ಬತ್ತೇರಿಗಳ, ಅಂದರೆ ಎತ್ತರದ ಕಾವಲು ಬುರುಜುಗಳ, ಅಂಚಿನಲ್ಲಿ ಮಾತ್ರ ಕೈ ಹಿಡಿದುಕೊಳ್ಳಿ, ಎಲ್ಲ ಕಡೆ ತಡೆಗಂಬಿ ಇಲ್ಲ.

ತುಪ್ಪದ ಕೊಳದ ಬತ್ತೇರಿ ಹತ್ತಲೇಬೇಕೇ?

ಕಾಲಿಗೆ ಹಿಡಿತದ ಶೂ ಇದ್ದರೆ, ತಲೆ ಸುತ್ತದಿದ್ದರೆ ಹತ್ತಿ. ಬಂಡೆಯ ಮೇಲೆ ಕೊರೆದ ಪುಟ್ಟ ಹೆಜ್ಜೆಗುಳಿಗಳೇ ಮೆಟ್ಟಿಲು. ಹತ್ತುವಾಗ ಬರುವ ಧೈರ್ಯ ಇಳಿಯುವಾಗ ಬರುವುದಿಲ್ಲ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಮೇಲೆ ನಿಂತರೆ ಇಡೀ ಕೋಟೆಯ ಗೋಡೆ ಬೆಟ್ಟದಿಂದ ಬೆಟ್ಟಕ್ಕೆ ಹರಿದಿರುವುದು ಕಾಣುತ್ತದೆ, ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳೂ ಕಾಣುತ್ತವೆ.

ಗೈಡ್ ಬೇಕೇ?

ಮೊದಲ ಸಲಕ್ಕೆ ಬೇಕು. ಹಣದ ಮಾತನ್ನು ಹೊರಡುವ ಮೊದಲೇ ಮುಗಿಸಿ, ಮೇಲಿನ ಹೊಂಡಗಳವರೆಗೂ ಬರುತ್ತೀರಾ ಎಂದು ಕೇಳಿ. ಒಬ್ಬ ಗೈಡ್ ನಮ್ಮ ನೆಂಟರಿಗೆ ಇಲ್ಲಿಂದ ಶ್ರೀರಂಗಪಟ್ಟಣದವರೆಗೆ ಸುರಂಗವಿದೆ ಎಂದಿದ್ದರು. ಕಥೆಗೆ ಕಥೆಯ ಬೆಲೆ ಕೊಡಿ.

ಊಟ, ತಿಂಡಿ, ಕೋತಿ?

ಮೂರನ್ನೂ ಒಟ್ಟಿಗೇ ಉತ್ತರಿಸಬೇಕು, ಏಕೆಂದರೆ ನಿಮ್ಮ ತಿಂಡಿ ಕೋತಿಯದ್ದಾಗುತ್ತದೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ತೂಗಾಡಿಸಬೇಡಿ. ಬಾಗಿಲ ಬಳಿ ಉಪ್ಪುಕಾರ ಹಚ್ಚಿದ ಸೌತೆಕಾಯಿ ಮಾರುತ್ತಾರೆ. ಅಲ್ಲೇ ತಿಂದು ಮುಗಿಸಿ. ತಲೆಗೆ ಒಂದೊಂದು ಲೀಟರ್ ನೀರು ಚೀಲದೊಳಗೆ ಇರಲಿ, ಬಾಟಲಿ ಕೆಳಗೆ ವಾಪಸ್ ಬರಲಿ. ಇಳಿದ ಮೇಲೆ ಪೇಟೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ದಾವಣಗೆರೆಯವರು ಇದು ತಮ್ಮದು ಎನ್ನುತ್ತಾರೆ. ಆ ಜಗಳಕ್ಕೆ ನಾನಿಲ್ಲ.

ಫೋಟೊ ತೆಗೆಯಬಹುದೇ?

ಮೊಬೈಲ್, ಕ್ಯಾಮೆರಾ ಸರಿ. ಟ್ರೈಪಾಡ್‌ಗೂ ಡ್ರೋನ್‌ಗೂ ಇಲಾಖೆಯ ಅನುಮತಿ ಬೇಕು.

ಇಷ್ಟು ಗಟ್ಟಿ ಕೋಟೆ ಬಿದ್ದದ್ದು ಹೇಗೆ?

ಹೈದರ್ ಅಲಿ ಒಂದೇ ಏಟಿಗೆ ಗೆಲ್ಲಲಿಲ್ಲ. ಕೊನೆಯ ಮದಕರಿ ನಾಯಕ ಒಂದು ಕಾಲಕ್ಕೆ ಅವನ ಜೊತೆಗೇ ಯುದ್ಧಕ್ಕೆ ಹೋಗಿದ್ದವನು. ಮೈಸೂರು ಮತ್ತು ಮರಾಠರ ಎಳೆದಾಟದಲ್ಲಿ ಸ್ನೇಹ ಕೆಟ್ಟಿತು, ಮುತ್ತಿಗೆಗಳು ಬಂದವು, ಹೋದವು, ಮತ್ತೆ ಬಂದವು. 1779ರಲ್ಲಿ ಕೋಟೆ ಕೈಬಿಟ್ಟಿತು. ಒಳಗಿನವರೇ ಕೈಕೊಟ್ಟರು ಎನ್ನುವುದು ದುರ್ಗದಲ್ಲಿ ಇಂದಿಗೂ ನೋವಿನಿಂದ ಹೇಳುವ ಮಾತು. ಮದಕರಿಯನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಸಾವಿರಾರು ಬೇಡರನ್ನೂ ಅಲ್ಲಿಗೆ ಸಾಗಿಸಿ, ಎಳೆಯ ಹುಡುಗರಿಂದ ಚೇಲಾ ಪಡೆ, ಅಂದರೆ ಸೆರೆಯಾದವರನ್ನೇ ಪಳಗಿಸಿದ ಸೈನ್ಯ, ಕಟ್ಟಿದರು. ಬಾಗಿಲುಗಳ ತಿರುವು ನೋಡಿ ಹೆಮ್ಮೆಪಡುವವರು ಖಾಲಿಯಾದ ಮನೆಗಳ ಮಣ್ಣಿನ ಗೋಡೆಯನ್ನೂ ನೋಡಲಿ ಎಂದು ಮೇಲೆ ಅಷ್ಟು ಒತ್ತಿ ಹೇಳಿದೆ.

ಅರ್ಧ ದಿನ ಉಳಿದರೆ ಎಲ್ಲಿಗೆ ಹೋಗಲಿ?

ಚಂದ್ರವಳ್ಳಿಗೆ. ಕೋಟೆ ಬೆಟ್ಟದ ಇನ್ನೊಂದು ಮಗ್ಗುಲಲ್ಲೇ ಇದೆ. ಅಂಕಲಿ ಮಠದ ಗವಿಗೆ ಟಾರ್ಚ್ ಬೇಕು, ದಾರಿ ಬಲ್ಲವರೊಬ್ಬರು ಜೊತೆಗೆ ಬೇಕು. ಇಲ್ಲಿ 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆತ ನಡೆಸಿದರು, ಅವರಿಗಿಂತ ಮೊದಲು ಮೈಸೂರಿನ ಎಂ.ಎಚ್. ಕೃಷ್ಣ ಅಗೆದಿದ್ದರು, ರೋಮನ್ ನಾಣ್ಯಗಳೂ ಸಿಕ್ಕಿವೆ. ನಾನು ಎಲ್ಲರನ್ನೂ ನಿಲ್ಲಿಸುವುದು ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮುಂದೆ. ಕದಂಬರ ಮಯೂರಶರ್ಮನ ಪ್ರಾಕೃತ ಶಾಸನ ಅಲ್ಲಿದೆ, ನಾಲ್ಕನೆಯ ಶತಮಾನದ್ದು. ಪಲ್ಲವ, ಪುನ್ನಾಟ ಎಂದು ತಾನು ಗೆದ್ದವರ ಪಟ್ಟಿಯನ್ನೇ ಕೊಡುವ ಆ ರಾಜ ಅಲ್ಲಿ ಮುಖ್ಯವಾಗಿ ದಾಖಲಿಸಿರುವುದು ಒಂದು ಕೆರೆ ಕಟ್ಟಿಸಿದ್ದನ್ನು. ನಾಯಕರು ಬರುವುದಕ್ಕೆ ಸಾವಿರ ವರ್ಷಕ್ಕೂ ಮೊದಲೇ ಈ ಬೆಟ್ಟದ ಬುಡದಲ್ಲಿ ನೀರಿನ ಯೋಚನೆ ನಡೆದಿತ್ತು.

ಬೆಂಗಳೂರಿಗೆ ಮರಳುವವರು ಹಿರಿಯೂರಿನಲ್ಲಿ ತಿರುಗಿಕೊಂಡು ವಾಣಿವಿಲಾಸ ಸಾಗರವನ್ನೂ ನೋಡಬಹುದು. 1907ರಲ್ಲಿ ಮುಗಿದ ಆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಿತು. ಇಲ್ಲಿನ ಮಳೆಯ ಸ್ವಭಾವ ಅರ್ಥವಾಗಲು ಅಷ್ಟು ಸಾಕು.

ಮೇಲಿರುವಾಗ ಮಳೆ ಬಂದರೆ?

ಅದೃಷ್ಟ. ಆದರೆ ಬಂಡೆಯ ಮೇಲೆ ಒಂದು ಹೆಜ್ಜೆಯೂ ಇಡಬೇಡಿ, ಒದ್ದೆಯಾದರೆ ಎಣ್ಣೆ ಸವರಿದಂತಿರುತ್ತದೆ. ಹತ್ತಿರದ ಗುಡಿಯ ಮಂಟಪಕ್ಕೆ ಸೇರಿಕೊಳ್ಳಿ. ಹತ್ತು ನಿಮಿಷದಲ್ಲಿ ಎದುರಿನ ಬಂಡೆಗಳ ಮೇಲೆ ಬೆಳ್ಳಿಯ ಗೆರೆಗಳು ಮೂಡುತ್ತವೆ, ಒಂದಕ್ಕೊಂದು ಕೂಡಿ ದಪ್ಪವಾಗುತ್ತವೆ, ಎಲ್ಲವೂ ಹೊಂಡದ ಕಡೆಗೇ ತಿರುಗುತ್ತವೆ. ಮಳೆ ನಿಂತ ಮೇಲೂ ಅರ್ಧ ಗಂಟೆ ಆ ಸದ್ದು ಇರುತ್ತದೆ. ಛತ್ರಿ ಮಾತ್ರ ಕಾರಿನಲ್ಲೇ ಇರಲಿ. ಮೇಲಿನ ಗಾಳಿಗೆ ಅದು ನಿಲ್ಲುವುದಿಲ್ಲ.